ಖಾಂಡವದಹನ ಪ್ರಕರಣ: ಒಂದು ಪುನರ್ವಿಮರ್ಶೆ

೧

ಮಹಾಭಾರತದ ಆದಿಪರ್ವದ ಅಂತ್ಯದಲ್ಲಿ ಬರುವ ಖಾಂಡವದಹನ ಪ್ರಕರಣವು ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಬಹುಕಾಲದಿಂದ ವೀರರಸಕ್ಕೆ ಉದಾಹರಣೆಯಾಗಿಯೇ ಬೋಧಿಸಲ್ಪಡುತ್ತ ಬಂದಿದೆ. ಈ ಲೇಖಕನೂ ಅನೇಕ ವರ್ಷಗಳ ಕಾಲ ಹಾಗೆಯೇ ಪಾಠ ಹೇಳಿದವನು. ಕೃಷ್ಣಾರ್ಜುನರು ಇಬ್ಬರೇ ನಿಂತು ಇಂದ್ರಾದಿ ದೇವತೆಗಳನ್ನು ಹಿಮ್ಮೆಟ್ಟಿಸಿದುದು, ಗಾಂಡೀವದ ಪ್ರಾಪ್ತಿ, ಅಗ್ನಿಯ ಸಂತೃಪ್ತಿ ಇವುಗಳನ್ನು ವಿವರಿಸಿ, ಇಲ್ಲಿ ಉತ್ಸಾಹವೇ ಸ್ಥಾಯಿಯೆಂದು ನಿರ್ಣಯಿಸಿ ಮುಂದಿನ ಪ್ರಕರಣಕ್ಕೆ ಹೋಗುವುದು ನಮ್ಮ ಪದ್ಧತಿಯಾಗಿದ್ದಿತು. ೨೦೧೯ನೆಯ ಇಸವಿಯ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟ ದಿನಗಳಲ್ಲಿ ಈ ಭಾಗವೇ ಪಾಠಕ್ಕೆ ಬಂದಿದ್ದಿತು. ಆಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸ್ವಾಮಿ, ಓಡುತ್ತಿದ್ದ ಜಿಂಕೆಯನ್ನು ಮತ್ತೆ ಬೆಂಕಿಗೆ ತಳ್ಳುವುದು ಯಾವ ವೀರ?" ಎಂದು ಕೇಳಿದನು. ಅವನ ಪ್ರಶ್ನೆಗೆ ಆಗ ಕೊಟ್ಟ ಸಮಾಧಾನವು ನನಗೇ ಸಮಾಧಾನವನ್ನುಂಟುಮಾಡಲಿಲ್ಲ. ಗ್ರಂಥವನ್ನು ಮೊದಲಿನಿಂದ ತಿರುಗಿ ನೋಡಿದ ಮೇಲೆ ನಮ್ಮ ಪೂರ್ವದ ನಿರ್ಣಯವು ಸರಿಯಲ್ಲವೆಂದು ತೋರಿತು. ಅದಕ್ಕೆ ಕಾರಣಗಳನ್ನು ವಿದ್ವಾಂಸರ ಮುಂದಿಟ್ಟು ಅವರ ಅಭಿಪ್ರಾಯವನ್ನು ಕೋರುವುದೇ ಈ ಬರೆಹದ ಉದ್ದೇಶ.

೨

ಮೊದಲು ಕಥಾವಸ್ತುವನ್ನು ಸಂಗ್ರಹವಾಗಿ ನೆನೆಯೋಣ. ಪ್ರಚಲಿತ ಪಾಠದ ಪ್ರಕಾರ, ಶ್ವೇತಕಿಯೆಂಬ ರಾಜನು ಹನ್ನೆರಡು ವರ್ಷಗಳ ಕಾಲ ಎಡೆಬಿಡದೆ ನಡೆಸಿದ ಸತ್ರದಲ್ಲಿ ಘೃತಧಾರೆಯನ್ನು ಕುಡಿದು ಕುಡಿದು ಅಗ್ನಿಗೆ ಅಜೀರ್ಣವುಂಟಾಯಿತು. ಅವನ ತೇಜಸ್ಸು ಕುಂದಿತು. ಖಾಂಡವದ ಪ್ರಾಣಿಗಳ ಮೇದಸ್ಸನ್ನು ತಿಂದರೆ ಆರೋಗ್ಯವಾಗುವುದೆಂದು ಬ್ರಹ್ಮನು ಹೇಳಿದನು. ಅಗ್ನಿಯು ಏಳು ಸಲ ಪ್ರಯತ್ನಿಸಿದನು. ಏಳು ಸಲವೂ ಕಾಡಿನ ಆನೆಗಳು ಸೊಂಡಿಲಿನಿಂದಲೂ ನಾಗಗಳು ಹೆಡೆಗಳಿಂದಲೂ ನೀರು ತಂದು ಸುರಿದು ಆರಿಸಿಬಿಟ್ಟವು. ಆಮೇಲೆ ಅವನು ಬ್ರಾಹ್ಮಣವೇಷದಿಂದ ಯಮುನಾತೀರದಲ್ಲಿ ವಿಹರಿಸುತ್ತಿದ್ದ ಕೃಷ್ಣಾರ್ಜುನರನ್ನು ಯಾಚಿಸಿ, ವರುಣನಿಂದ ಗಾಂಡೀವವನ್ನೂ ಅಕ್ಷಯತೂಣೀರಗಳನ್ನೂ ರಥವನ್ನೂ ಚಕ್ರವನ್ನೂ ತರಿಸಿಕೊಟ್ಟನು. ಅವರಿಬ್ಬರೂ ಕಾಡಿನ ಎರಡು ಪಕ್ಕಗಳಲ್ಲಿ ನಿಂತು, ಹೊರಕ್ಕೆ ಬಂದ ಯಾವ ಪ್ರಾಣಿಯನ್ನೂ ಉಳಿಯಗೊಡಲಿಲ್ಲ. ಇಂದ್ರನು ಮಳೆಗರೆದನು, ಆ ಧಾರೆಗಳು ಬೆಂಕಿಯ ಬೇಗೆಗೆ ನೆಲವನ್ನು ಮುಟ್ಟುವುದರೊಳಗಾಗಿ ಆಕಾಶದಲ್ಲಿಯೇ ಇಂಗಿಹೋದವು. ತಕ್ಷಕನು ಆ ವೇಳೆ ಕುರುಕ್ಷೇತ್ರಕ್ಕೆ ಹೋಗಿದ್ದನು. ಅವನ ಹೆಂಡತಿಯು ಮಗನನ್ನು ನುಂಗಿ ಉಳಿಸಿಕೊಳ್ಳಲು ಯತ್ನಿಸುತ್ತಿರುವಾಗ ಅರ್ಜುನನ ಬಾಣಕ್ಕೆ ತುತ್ತಾದಳು. ಉಳಿದವರು ತಕ್ಷಕನ ಮಗನಾದ ಅಶ್ವಸೇನ, ಶಿಲ್ಪಿಯಾದ ಮಯ, ಶಾರ್ಙ್ಗಕವೆಂಬ ಹಕ್ಕಿಯ ನಾಲ್ಕು ಮರಿಗಳು, ಇಷ್ಟೇ.

ಈ ಪ್ರಕರಣದ ವಿಷಯದಲ್ಲಿ ಈಗ ಎರಡು ಮತಗಳು ಪ್ರಚಾರದಲ್ಲಿವೆ. ಅಗ್ನಿಯು ದೇವತೆ, ಯಾಚಿಸಿದವನಿಗೆ ಕೊಡುವುದು ಕ್ಷತ್ರಿಯಧರ್ಮ, ಆದುದರಿಂದ ಇದು ನಿರ್ದುಷ್ಟವಾದ ವೀರಕಾರ್ಯವೆಂಬುದು ಸಂಪ್ರದಾಯದವರ ಮತ. ಇದು ರಾಜ್ಯವಿಸ್ತಾರಕ್ಕಾಗಿ ಕಾಡನ್ನೂ ಅದರ ನಿವಾಸಿಗಳನ್ನೂ ನಿರ್ಮೂಲ ಮಾಡಿದ ಕ್ರೌರ್ಯದ ಚರಿತ್ರೆಯೆಂಬುದು ಎರಡನೆಯದು. ಈ ಎರಡನೆಯ ಮತವನ್ನು ದೃಢವಾಗಿ ಪ್ರತಿಪಾದಿಸಿದವರಲ್ಲಿ ಇರಾವತೀ ಕರ್ವೆಯವರು ಮುಖ್ಯರು. ಅವರು ೧೯೬೭ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ 'ಯುಗಾಂತ'ದಲ್ಲಿ ಮಯಸಭೆಯೊಡನೆ ಈ ದಹನವನ್ನು ಸೇರಿಸಿ ವಿಚಾರಿಸಿರುತ್ತಾರೆ. ಆ ಗ್ರಂಥಕ್ಕೆ ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಮೊದಲನೆಯ ಪಕ್ಷದವರು ಹಕ್ಕಿಗಳ ಕೂಗನ್ನು ಕೇಳಿಸಿಕೊಳ್ಳುವುದಿಲ್ಲ. ಎರಡನೆಯ ಪಕ್ಷದವರು ಆ ಕೂಗನ್ನು ಕೇಳುತ್ತಾರಾದರೂ, ಅದನ್ನು ನಮಗೆ ಕೇಳಿಸಿದವನು ಕವಿಯೇ ಎಂಬುದಕ್ಕೆ ತಕ್ಕಷ್ಟು ಬೆಲೆ ಕೊಡುವುದಿಲ್ಲ. ಕಾವ್ಯವನ್ನು ಬರಿಯ ಚರಿತ್ರೆಯ ಕುರುಹೆಂದು ಓದಿದರೆ ಕವಿಯ ವಿವಕ್ಷೆಗೆ ಅಲ್ಲಿ ಎಡೆಯಿರುವುದಿಲ್ಲ. ನಮ್ಮ ಪಕ್ಷವೇನೆಂದರೆ, ಖಾಂಡವದಹನವನ್ನು ಮಹಾಭಾರತವೇ ವಿಮರ್ಶಿಸಿದೆ. ಆ ವಿಮರ್ಶೆಯನ್ನು ನಾವು ಬಿಡಿ ಪ್ರಕರಣವಾಗಿ ಓದಿ ಕಳೆದುಕೊಂಡಿದ್ದೇವೆ.

೩

ಮೊದಲು ರಸದ ಮಾತು. ಪೂರ್ವಪಕ್ಷವನ್ನು ಬಲವಾಗಿಯೇ ಹೇಳೋಣ. ವೀರ ಭಯಾನಕಗಳು ಒಂದೇ ಆಶ್ರಯದಲ್ಲಿ ವಿರುದ್ಧವಾದರೂ, ಆಶ್ರಯವು ಬೇರೆಯಾದರೆ ದೋಷವಿಲ್ಲ. ನಾಯಕನಲ್ಲಿ ಉತ್ಸಾಹವೂ ಪ್ರತಿಪಕ್ಷದಲ್ಲಿ ಭಯವೂ ಇದ್ದರೆ ಆ ಭಯವು ನಾಯಕನ ವೀರವನ್ನೇ ಪೋಷಿಸುವುದು. ಇದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ತೋರಿಸಿದ ದಾರಿ. ಹಾಗಾದರೆ ಖಾಂಡವದ ಮೃಗಗಳ ಭಯವೂ ಅರ್ಜುನನ ವೀರಕ್ಕೆ ಅಂಗವೇ ಆಯಿತಲ್ಲ ಎಂದು ಹೇಳಬಹುದು. ನಾವೂ ಹೀಗೆಯೇ ಹೇಳುತ್ತಿದ್ದೆವು.

ಆದರೆ ಈ ನ್ಯಾಯವು ಪ್ರವರ್ತಿಸಬೇಕಾದರೆ ಭಯಪಡುವವನು ಪ್ರತಿಪಕ್ಷದವನಾಗಿರಬೇಕು. ಇಂದ್ರನು ಪ್ರತಿಪಕ್ಷದವನು, ಅವನ ವಿಷಯದಲ್ಲಿ ವಾದವಿಲ್ಲ; ದೇವಸೇನೆಯು ಹಿಮ್ಮೆಟ್ಟಿದ ಭಾಗವು ಶುದ್ಧವಾದ ಯುದ್ಧವೀರವೇ ಸರಿ. ಜಿಂಕೆಗೆ ಯಾರಲ್ಲಿ ವೈರ? ರೆಕ್ಕೆ ಬಾರದ ಮರಿಗೆ ಯಾರಲ್ಲಿ ಸ್ಪರ್ಧೆ? ವೀರಕ್ಕೆ ಆಲಂಬನವು ಜಯಿಸತಕ್ಕ ಶತ್ರು. ಓಡಿಹೋಗುವ ನಿರಪರಾಧಿಯು ಆ ಸ್ಥಾನಕ್ಕೆ ಬರಲಾರನು. ಆದುದರಿಂದ ಮೃಗಪಕ್ಷಿಗಳ ಭಯವು ವೀರಕ್ಕೆ ಅಂಗವಾಗದೆ ಬೇರೆಯಾಗಿ ನಿಂತು, ಸಹೃದಯನ ಮನಸ್ಸಿನಲ್ಲಿ ಶೋಕವಾಗಿ ಪರಿಣಮಿಸುತ್ತದೆ. ಬೇಡನ ಬಾಣಕ್ಕೆ ಬಿದ್ದ ಒಂದು ಕ್ರೌಂಚಪಕ್ಷಿಯ ನಿಮಿತ್ತವಾಗಿ ಆದಿಕವಿಯ ಶೋಕವು ಶ್ಲೋಕವಾಯಿತೆಂದು ನಂಬುವ ನಾವು, ಒಂದು ಕಾಡಿನ ಹಕ್ಕಿಗಳೆಲ್ಲ ಬೇಯುವಾಗ ಉತ್ಸಾಹವನ್ನೇ ಅನುಭವಿಸಬೇಕೆಂದರೆ ನಮ್ಮ ಸಹೃದಯತ್ವಕ್ಕೇ ಕೊರತೆ ಬರುತ್ತದೆ.

ವ್ಯಾಸರು ಈ ಅಂಶವನ್ನು ನಮ್ಮ ಊಹೆಗೆ ಬಿಟ್ಟಿಲ್ಲ. ದಹನದ ನಡುವೆ ಶಾರ್ಙ್ಗಕೋಪಾಖ್ಯಾನವನ್ನು ಇರಿಸಿದ್ದಾರೆ. ಜರಿತೆಯೆಂಬ ತಾಯಿ ಹಕ್ಕಿ. ಅವಳಿಗೆ ರೆಕ್ಕೆ ಬಲಿಯದ ನಾಲ್ಕು ಮರಿಗಳು. ತಂದೆಯಾದ ಮಂದಪಾಲನು ಲಪಿತೆಯೆಂಬ ಬೇರೊಬ್ಬಳೊಡನೆ ಹೊರಟುಹೋಗಿದ್ದಾನೆ. ಬೆಂಕಿಯು ಸಮೀಪಿಸುತ್ತಿರುವಾಗ ತಾಯಿಯು ನಾಲ್ವರನ್ನೂ ಎತ್ತಿಕೊಂಡು ಹಾರಲಾರಳು, ಬಿಟ್ಟೂ ಹೋಗಲಾರಳು. ಇಲಿಯ ಬಿಲದಲ್ಲಿ ಅಡಗಿರೆಂದು ಹೇಳುತ್ತಾಳೆ. ಇಲಿಯ ಬಾಯಿಗೆ ಬೀಳುವುದಕ್ಕಿಂತ ಬೆಂಕಿಯಲ್ಲಿ ಸಾಯುವುದೇ ಲೇಸೆಂದು ಮರಿಗಳು ತರ್ಕಿಸಿ, ತಾಯಿಯಾದರೂ ಬದುಕಲೆಂದು ಅವಳನ್ನು ಕಳುಹಿಸುತ್ತವೆ. ಕೊನೆಗೆ ಅಗ್ನಿಯನ್ನು ಸ್ತುತಿಸಿ ಉಳಿಯುತ್ತವೆ. ಒಂದು ಅರಣ್ಯವು ಸುಡುತ್ತಿರುವಾಗ ಕಥೆಯನ್ನು ನಿಲ್ಲಿಸಿ, ಒಂದು ಗೂಡಿನೊಳಗೆ ನಮ್ಮನ್ನು ಕರೆದೊಯ್ದು, ಅಲ್ಲಿಯ ಮಾತನ್ನು ಕೇಳಿಸುವ ಕವಿಯು ಕೇವಲ ವೀರವನ್ನು ಉದ್ದೇಶಿಸಿದ್ದನೆಂದು ಹೇಳುವುದು ಹೇಗೆ? ವೀರವು ಇಲ್ಲಿ ರಥದ ಮೇಲಿದೆ, ಕರುಣವು ಗೂಡಿನಲ್ಲಿದೆ. ನಮ್ಮ ಪಾಠಪ್ರವಚನಗಳಲ್ಲಿ ಶಾರ್ಙ್ಗಕೋಪಾಖ್ಯಾನವನ್ನು 'ಪ್ರಾಸಂಗಿಕ'ವೆಂದು ಬಿಟ್ಟುಬಿಡುವ ರೂಢಿಯೇ ಪ್ರಕರಣದ ರಸವನ್ನು ಕೆಡಿಸಿದೆ.

೪

ಇನ್ನು ಪ್ರಬಂಧದ ಪೂರ್ವಾಪರವನ್ನು ನೋಡಬೇಕು. ದಹನದ ಫಲವಾಗಿ ಪಾಂಡವರಿಗೆ ದೊರೆತುದೇನು? ಉಳಿದ ಮಯನು ಪ್ರತ್ಯುಪಕಾರವಾಗಿ ಸಭೆಯನ್ನು ಕಟ್ಟಿದನು. ಆ ಸಭೆಯಲ್ಲಿ ದುರ್ಯೋಧನನು ನೀರನ್ನು ನೆಲವೆಂದೂ ನೆಲವನ್ನು ನೀರೆಂದೂ ಭ್ರಮಿಸಿ ಅಪಹಾಸ್ಯಕ್ಕೆ ಒಳಗಾದನು. ಅದರಿಂದ ಮತ್ಸರ, ಮತ್ಸರದಿಂದ ದ್ಯೂತ, ದ್ಯೂತದಿಂದ ಹನ್ನೆರಡು ವರ್ಷಗಳ ವನವಾಸ. ಕಾಡನ್ನು ಸುಟ್ಟು ಅರಮನೆಯನ್ನು ಪಡೆದವರು ಅರಮನೆಯನ್ನು ಕಳೆದುಕೊಂಡು ಕಾಡಿಗೇ ಹೋದರು.

ಆ ಕಾಡಿನಲ್ಲಿ ನಡೆದ ಒಂದು ಸಂಗತಿಯು ನಮ್ಮ ವಿಮರ್ಶಕರ ಗಮನಕ್ಕೆ ಸಾಕಷ್ಟು ಬಂದಿಲ್ಲ. ವನಪರ್ವದಲ್ಲಿ ಮೃಗಸ್ವಪ್ನೋದ್ಭವವೆಂಬ ಚಿಕ್ಕ ಉಪಪರ್ವವುಂಟು. ದ್ವೈತವನದಲ್ಲಿದ್ದ ಯುಧಿಷ್ಠಿರನ ಕನಸಿನಲ್ಲಿ ಆ ಕಾಡಿನ ಜಿಂಕೆಗಳು ಕಣ್ಣೀರು ತುಂಬಿ ನಡುಗುತ್ತ ಬಂದು ನಿಲ್ಲುತ್ತವೆ. ನಿನ್ನ ತಮ್ಮಂದಿರ ಬೇಟೆಯಿಂದ ನಾವು ಬೀಜಮಾತ್ರವಾಗಿ ಉಳಿದಿದ್ದೇವೆ, ಬೇರೆ ಕಡೆಗೆ ಹೋದರೆ ನಮ್ಮ ಕುಲವು ಮತ್ತೆ ಬೆಳೆದೀತು ಎಂಬುದು ಅವುಗಳ ಪ್ರಾರ್ಥನೆ. ಧರ್ಮರಾಜನು ಎಚ್ಚತ್ತು ತಮ್ಮಂದಿರಿಗೆ ತಿಳಿಸಿ ಕಾಮ್ಯಕವನಕ್ಕೆ ಹೊರಟುಬಿಡುತ್ತಾನೆ. ಖಾಂಡವದಲ್ಲಿ ಯಾಚಿಸಿದವನು ಅಗ್ನಿ. ಇಲ್ಲಿ ಯಾಚಿಸಿದವು ಮೃಗಗಳು. ಯಾಚಕನಿಗೆ ಇಲ್ಲವೆನ್ನಬಾರದೆಂಬ ಧರ್ಮವೇ ಅಲ್ಲಿ ದಹನಕ್ಕೆ ಸಮರ್ಥನೆಯಾದರೆ, ಆ ಧರ್ಮವೇ ಇಲ್ಲಿ ರಕ್ಷಣೆಗೆ ಕಾರಣವಾಗಿದೆ. 'ಬೀಜ'ವೆಂಬ ಮಾತು ಇಲ್ಲಿ ಮುಖ್ಯವಾದುದು. ಒಂದೊಂದು ಪ್ರಾಣಿಯ ಸಾವಿಗಿಂತ ಬೇರೆಯಾದ, ಕುಲವೇ ಅಳಿಯುವ ನಷ್ಟವೊಂದುಂಟೆಂದು ಆ ಪ್ರಾಚೀನ ಕವಿಯು ತಿಳಿದಿದ್ದನು. ಈಗಿನ ಪ್ರಾಣಿಶಾಸ್ತ್ರಜ್ಞರು ಸಂತತಿನಾಶವೆಂದು ಹೇಳುವುದು ಇದನ್ನೇ.

ಉದ್ಯೋಗಪರ್ವದಲ್ಲಿ ಸಂಜಯನಿಗೆ ಕೃಷ್ಣನು ಹೇಳುವ ದೃಷ್ಟಾಂತವೊಂದುಂಟು: ಧೃತರಾಷ್ಟ್ರನೂ ಅವನ ಮಕ್ಕಳೂ ವನ, ಪಾಂಡವರು ಅದರ ಹುಲಿಗಳು. ಕಾಡಿಲ್ಲದ ಹುಲಿಯು ಕೊಲ್ಲಲ್ಪಡುವುದು, ಹುಲಿಯಿಲ್ಲದ ಕಾಡು ಕಡಿಯಲ್ಪಡುವುದು. ಆದುದರಿಂದ ಎರಡೂ ಒಂದನ್ನೊಂದು ಕಾಯಬೇಕೆಂಬುದು ಅದರ ತಾತ್ಪರ್ಯ. ಇದೇ ಅಭಿಪ್ರಾಯವು ವಿದುರನ ಬಾಯಲ್ಲಿಯೂ ಬರುತ್ತದೆ. ವಿದುರನು ಹೇಳಿದರೆ ಅದು ನೀತಿ. ಖಾಂಡವದ ಅಂಚಿನಲ್ಲಿ ಚಕ್ರವನ್ನು ಹಿಡಿದು ನಿಂತಿದ್ದ ಕೃಷ್ಣನೇ ಹೇಳುವಾಗ ಅದಕ್ಕೆ ಬೇರೆಯೊಂದು ಧ್ವನಿಯುಂಟಾಗುತ್ತದೆ. ಅದು ಅಂದಿನ ಕಾರ್ಯದ ಮೇಲೆ ಅವನದೇ ಟಿಪ್ಪಣಿಯಂತೆ ನಮಗೆ ಕೇಳಿಸುತ್ತದೆ.

ಕರ್ಣಪರ್ವದಲ್ಲಿ ಅಶ್ವಸೇನನು ತಾಯಿಯ ವಧೆಯನ್ನು ಮರೆಯದೆ ಕರ್ಣನ ಬಾಣವನ್ನು ಸೇರಿ ಬಂದು ಅರ್ಜುನನ ಕಿರೀಟವನ್ನು ಕೆಡಹುತ್ತಾನೆ. ಇದಕ್ಕಿಂತಲೂ ತೀಕ್ಷ್ಣವಾದುದು ಆಶ್ರಮವಾಸಿಕಪರ್ವದ ಸಂಗತಿ. ಧೃತರಾಷ್ಟ್ರ, ಗಾಂಧಾರಿ, ಕುಂತಿ ಈ ಮೂವರೂ ಕಾಡುಗಿಚ್ಚಿನಲ್ಲಿ ಬೆಂದುಹೋದ ವಾರ್ತೆಯನ್ನು ಕೇಳಿ ಯುಧಿಷ್ಠಿರನು ದುಃಖಿಸುವಾಗ ಖಾಂಡವದ ಹೆಸರನ್ನೇ ಎತ್ತುತ್ತಾನೆ: ಅರ್ಜುನನು ಅಂದು ಅಗ್ನಿಯನ್ನು ತೃಪ್ತಿಪಡಿಸಿದುದು ವ್ಯರ್ಥವಾಯಿತು, ಉಪಕಾರವನ್ನು ಅರಿಯದೆ ಅವನ ತಾಯಿಯನ್ನೇ ಸುಟ್ಟ ಅಗ್ನಿಯು ಕೃತಘ್ನನು ಎಂದು ನಿಂದಿಸುತ್ತಾನೆ. ಯಾಜಕರು ಕಾಡಿನಲ್ಲಿ ಬಿಟ್ಟುಹೋದ ರಾಜನ ಯಜ್ಞಾಗ್ನಿಯೇ ಹಬ್ಬಿ ಕಾಡುಗಿಚ್ಚಾಯಿತೆಂದು ನಾರದನು ಸಮಾಧಾನ ಹೇಳುತ್ತಾನೆ. ಬೆಂಕಿಗೆ ಉಣ್ಣಿಸಿದರೆ ಬೆಂಕಿಯು ನಮ್ಮವನಾಗುವುದಿಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ಕೊನೆಗೆ ಮಹಾಪ್ರಸ್ಥಾನದಲ್ಲಿ ಅಗ್ನಿಯು ದಾರಿಗೆ ಅಡ್ಡನಿಂತು, ಖಾಂಡವವನ್ನು ನೆನೆಯಿಸಿ, ಗಾಂಡೀವವನ್ನು ವರುಣನಿಗೆ ಹಿಂದಿರುಗಿಸೆಂದು ಕೇಳುತ್ತಾನೆ. ಅರ್ಜುನನು ಬಿಲ್ಲನ್ನೂ ಬತ್ತಳಿಕೆಗಳನ್ನೂ ನೀರಿಗೆ ಬಿಡುತ್ತಾನೆ. ಕಾಡನ್ನು ಸುಡಲೆಂದು ಬಂದ ಆಯುಧವು ಸಾಲವಾಗಿತ್ತೇ ಹೊರತು ಸ್ವತ್ತಾಗಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಪರೀಕ್ಷಿತನ ಮರಣಕ್ಕೆ ಗ್ರಂಥವು ಕೊಡುವ ಕಾರಣ ಶೃಂಗಿಯ ಶಾಪ; ಜನಮೇಜಯನನ್ನು ಸರ್ಪಸತ್ರಕ್ಕೆ ಪ್ರೇರಿಸಿದವನು ಉತ್ತಂಕ. ಆದುದರಿಂದ ತಕ್ಷಕನು ಖಾಂಡವದ ಸೇಡನ್ನೇ ತೀರಿಸಿದನೆಂದು ನೇರವಾಗಿ ಹೇಳುವುದು ಗ್ರಂಥಕ್ಕೆ ಅಧಿಕವಾಗುತ್ತದೆ. ಆದರೂ ಖಾಂಡವದ ಬೆಂಕಿಯನ್ನು ತಪ್ಪಿಸಿಕೊಂಡ ನಾಗರಾಜನೇ ಅರ್ಜುನನ ಮೊಮ್ಮಗನನ್ನು ಕಚ್ಚಿದುದೂ, ಮರಿಮಗನು ಮತ್ತೊಂದು ಬೆಂಕಿಯನ್ನು ಹೊತ್ತಿಸಿ ನಾಗಕುಲವನ್ನೇ ಹೋಮ ಮಾಡಹೊರಟುದೂ, ಆಸ್ತೀಕನೆಂಬ ಬಾಲಕನು ಬಂದು ಅದನ್ನು ನಿಲ್ಲಿಸಿದುದೂ, ಆ ಸತ್ರದ ಎಡೆಯಲ್ಲಿಯೇ ಸಮಸ್ತ ಭಾರತವು ಹೇಳಲ್ಪಟ್ಟುದೂ ಕಾಕತಾಳೀಯವೆನ್ನಲಾಗದು. ಮೊದಲನೆಯ ಬೆಂಕಿಯು ಯಾಚಕನಿಗಾಗಿ ಹೊತ್ತಿತು; ಕೊನೆಯ ಬೆಂಕಿಯು ಯಾಚಕನಿಗಾಗಿ ಆರಿತು. ಭಾರತದ ಅಂಗಿರಸವು ಶಾಂತವೆಂದು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತವು ಸಾಧಿಸಿದೆ. ಖಾಂಡವದಹನವನ್ನು ಆ ಅಂಗಿಯ ಬೆಳಕಿನಲ್ಲಿ ಓದಿದರೆ ಅದು ಜಯದ ಕಥೆಯಾಗಿ ಉಳಿಯುವುದಿಲ್ಲ. ನಿರ್ವೇದದ ಮೊದಲ ಬೀಜವಾಗುತ್ತದೆ.

೫

ಇಷ್ಟು ಸ್ಪಷ್ಟವಾದುದನ್ನು ನಾವು ಕಾಣದೆಹೋದುದಕ್ಕೆ ಕಾರಣವೇನು? ನಮ್ಮ ಲಕ್ಷಣಗ್ರಂಥಗಳ ಅಭ್ಯಾಸವೂ ಒಂದು ಕಾರಣವೆಂದು ತೋರುತ್ತದೆ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ವರ್ಣನೆಗಳನ್ನು ಎಣಿಸುವಾಗ ನಗರ, ಸಮುದ್ರ, ಶೈಲ, ಋತು, ಚಂದ್ರಸೂರ್ಯೋದಯಗಳ ತರುವಾಯ ಹೇಳುವುದು ಉದ್ಯಾನವನ್ನು, ಅರಣ್ಯವನ್ನಲ್ಲ. ವಿಶ್ವನಾಥನ ಸಾಹಿತ್ಯದರ್ಪಣದ ಪಟ್ಟಿಯಲ್ಲಿ ವನವು ಬಂದಿದೆ; ಮೃಗಯೆಯೂ ಬಂದಿದೆ. ಲಕ್ಷಣವನ್ನು ಅನುಸರಿಸಿದ ಕವಿಗೆ ಕಾಡು ಕ್ರೀಡೆಯ ಸ್ಥಳವಾಗಿ ಅಥವಾ ಬೇಟೆಯ ಸ್ಥಳವಾಗಿ ಒದಗಿತೇ ಹೊರತು ತನಗೆ ತಾನೇ ಇರುವ ವಸ್ತುವಾಗಿ ಅಷ್ಟಾಗಿ ಒದಗಲಿಲ್ಲ. ಕಾಳಿದಾಸನಂಥವರು ಇದಕ್ಕೆ ಅಪವಾದ. ಶಾಕುಂತಲದ ಮೊದಲನೆಯ ಅಂಕದಲ್ಲಿಯೇ ಬೇಟೆಯ ರಥವನ್ನು ತಪಸ್ವಿಯೊಬ್ಬನು ತಡೆಯುತ್ತಾನೆ. ನಾಲ್ಕನೆಯ ಅಂಕದಲ್ಲಿ ಕಣ್ವನು ಮಗಳ ಪ್ರಯಾಣಕ್ಕೆ ಮರಗಳ ಅನುಮತಿಯನ್ನು ಕೇಳುತ್ತಾನೆ.

ನಮ್ಮ ಪಂಪನನ್ನು ನೋಡಿರಿ. ೯೪೧ರ ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನೇ ಕಥಾನಾಯಕ. ಅವನೇ ಆಶ್ರಯದಾತನಾದ ಅರಿಕೇಸರಿ. ಆದುದರಿಂದ ಖಾಂಡವದಹನವು ಅಲ್ಲಿ ರಾಜನ ಪ್ರತಾಪದ ಪ್ರಶಂಸೆಯಾಗುವುದು ಅನಿವಾರ್ಯವಾಯಿತು. ಅದೇ ಕಾವ್ಯದಲ್ಲಿ ಬನವಾಸಿಯನ್ನು ಕಂಡಾಗ ಆ ನಾಡಿನ ನಂದನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಹಂಬಲವು ಹೊಮ್ಮುತ್ತದೆ. ಕನ್ನಡದಲ್ಲಿ ಇದನ್ನು ಮೀರಿದ ನಾಡೊಲವಿನ ಮಾತು ಮತ್ತೊಂದಿಲ್ಲ. ಆದರೆ ಹುಟ್ಟಬೇಕೆಂದುದು ನಂದನದಲ್ಲಿ, ಎಂದರೆ ಉದ್ಯಾನದಲ್ಲಿ. ದುಂಬಿಯೂ ಕೋಗಿಲೆಯೂ ಖಾಂಡವದಲ್ಲಿಯೂ ಇದ್ದುವೆಂಬುದನ್ನು ನಾವು ನೆನೆಯಬೇಕು. ಪಂಪನಲ್ಲಿ ದೋಷವನ್ನು ಹುಡುಕುವುದು ನಮ್ಮ ಅಭಿಪ್ರಾಯವಲ್ಲ. ಉದ್ಯಾನವನ್ನು ಪ್ರೀತಿಸುವ ಮನಸ್ಸೇ ಅರಣ್ಯದ ನಾಶವನ್ನು ಸಹಿಸಬಲ್ಲುದೆಂಬ ವಿಚಿತ್ರವನ್ನು ತೋರಿಸುವುದಷ್ಟೇ ಉದ್ದೇಶ. ನಮ್ಮ ಕಾಲದ ಉದಾಹರಣೆಯನ್ನು ಕೊಡುವುದಾದರೆ, ಶಿವರಾಮ ಕಾರಂತರ 'ಬೆಟ್ಟದ ಜೀವ'ದ (೧೯೪೩) ಗೋಪಾಲಯ್ಯನು ಕಾಡನ್ನು ಕಡಿದು ತೋಟವನ್ನು ಎಬ್ಬಿಸಿದವನು. ಅವನ ಜೀವನೋತ್ಸಾಹಕ್ಕೆ ಓದುಗರೆಲ್ಲರೂ ಮಾರುಹೋಗುತ್ತಾರೆ, ನ್ಯಾಯವಾಗಿಯೇ. ಆ ಕಾದಂಬರಿಯನ್ನು ಬರೆದವರೇ ಮುಂದೆ ಕಾಡಿನ ಪರವಾಗಿ ನಿಂತು ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. ಒಬ್ಬನೇ ಲೇಖಕನ ಬಾಳಿನಲ್ಲಿ ಕಂಡ ಈ ತಿರುವು ನಮ್ಮ ಸಾಹಿತ್ಯವಿಮರ್ಶೆಯಲ್ಲಿಯೂ ಕಾಣಬೇಡವೇ?

೬

ಉದ್ಯಾನಾರಣ್ಯಗಳ ಭೇದವು ಕೇವಲ ಕಾವ್ಯಶಾಸ್ತ್ರದ ಮಾತೆಂದು ಯಾರೂ ತಿಳಿಯಬಾರದು. ಈಗ ದೇಶದ ಕಾಡುಗಳ ಅಳಿವು ಉಳಿವು ಒಂದು ಶಬ್ದದ ಅರ್ಥವನ್ನು ಅವಲಂಬಿಸಿ ನಿಂತಿದೆ. ೧೯೯೬ನೆಯ ಡಿಸೆಂಬರ್ ೧೨ರಂದು ಸರ್ವೋಚ್ಚ ನ್ಯಾಯಾಲಯವು ಗೋದವರ್ಮನ್ ತಿರುಮುಲ್ಪಾಡ್ ಮೊಕದ್ದಮೆಯಲ್ಲಿ, ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯ 'ಅರಣ್ಯ' ಶಬ್ದವನ್ನು ನಿಘಂಟಿನ ಅರ್ಥದಲ್ಲಿ ತಿಳಿಯತಕ್ಕುದೆಂದು ಆಜ್ಞೆ ಮಾಡಿತು. ೨೦೨೩ರ ತಿದ್ದುಪಡಿಯು ಕಾಯಿದೆಯ ವ್ಯಾಪ್ತಿಯನ್ನು ಘೋಷಿತವಾದ ಮತ್ತು ಸರ್ಕಾರಿ ದಾಖಲೆಗಳಲ್ಲಿರುವ ಅರಣ್ಯಗಳಿಗೆ ಸೀಮಿತಗೊಳಿಸಹೊರಟಾಗ, ೨೦೨೪ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು ಮಧ್ಯಂತರ ಆಜ್ಞೆಯಿಂದ ಹಳೆಯ ಅರ್ಥವನ್ನೇ ಅನುಸರಿಸುವಂತೆ ರಾಜ್ಯಗಳಿಗೆ ತಿಳಿಸಿತು. ನಿಘಂಟನ್ನು ಓದಿದವರಿಗೆ ಇಂಥ ಹೊಣೆಯು ಹಿಂದೆಂದೂ ಬಂದಿರಲಾರದು.

ಹಾಗಾದರೆ ನಮ್ಮ ನಿಘಂಟು ಏನು ಹೇಳುತ್ತದೆ? ಅಮರಸಿಂಹನು ವನೌಷಧಿವರ್ಗದ ಮೊದಲಲ್ಲಿ ಅಟವಿ, ಅರಣ್ಯ, ವಿಪಿನ, ಗಹನ, ಕಾನನ, ವನ ಎಂಬವನ್ನು ಪರ್ಯಾಯಗಳೆಂದು ಹೇಳಿ, ಆರಾಮ ಉಪವನಗಳನ್ನು ಬೇರೆಯಾಗಿ ಎಣಿಸಿ, ಅವು ಕೃತ್ರಿಮವಾದ ವನವೆಂದು ವಿವರಿಸುತ್ತಾನೆ. ಮನುಷ್ಯನು ನೆಟ್ಟದ್ದು ಬೇರೆ, ತಾನಾಗಿ ಬೆಳೆದದ್ದು ಬೇರೆ. ಈ ವಿವೇಕವು ಈಗಿನ ಲೆಕ್ಕದಲ್ಲಿ ಉಳಿದಿಲ್ಲ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ತನ್ನ ವರದಿಗಳಲ್ಲಿ ಅನುಸರಿಸುವ ಲಕ್ಷಣದ ಪ್ರಕಾರ, ಒಂದು ಹೆಕ್ಟೇರಿಗಿಂತ ಹೆಚ್ಚಿನ ನೆಲದಲ್ಲಿ ನೂರಕ್ಕೆ ೧೦ಕ್ಕೆ ಕಡಮೆಯಿಲ್ಲದೆ ಮರಗಳ ನೆರಳು ಇದ್ದರೆ, ಅದು ಯಾರ ಸ್ವತ್ತಾದರೂ ಯಾವ ಮರವಾದರೂ ಅರಣ್ಯಾವರಣವೇ. ತೋಪು ತೋಟಗಳೂ ಅದರಲ್ಲಿ ಸೇರಬಹುದು. ಈ ಲಕ್ಷಣಕ್ಕೆ ತಾರ್ಕಿಕರು ಅತಿವ್ಯಾಪ್ತಿದೋಷವನ್ನು ಹೇಳುವರು. ಕಾಡು ಹೋಗಿ ತೇಗಿನ ಅಥವಾ ನೀಲಗಿರಿಯ ನೆಡುತೋಪು ಬಂದರೂ ಲೆಕ್ಕದಲ್ಲಿ ಕೊರತೆಯು ಕಾಣದು. ದಂಡಿಯ ಪಟ್ಟಿಯಲ್ಲಿ ಉದ್ಯಾನವು ಅರಣ್ಯದ ಎಡೆಯನ್ನು ಆಕ್ರಮಿಸಿದಂತೆಯೇ ಇದೂ ಆಯಿತು.

ಕಡಿದುದಕ್ಕೆ ಪ್ರತಿಯಾಗಿ ಬೇರೆಡೆ ನೆಡುತ್ತೇವೆ, ಅದಕ್ಕಾಗಿ ೨೦೧೬ರಲ್ಲಿ ನಿಧಿಯ ಕಾಯಿದೆಯೂ ಆಗಿದೆ ಎಂಬ ಸಮಾಧಾನವುಂಟು. ಪ್ರತಿನಿಧಿಯ ವಿಚಾರವು ಮೀಮಾಂಸಕರಿಗೆ ಹೊಸದಲ್ಲ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಇದರ ನಿರ್ಣಯವಿದೆ: ವಿಹಿತವಾದ ದ್ರವ್ಯವು ದೊರೆಯದಿದ್ದಾಗ ಮಾತ್ರ ಪ್ರತಿನಿಧಿಯು ಗ್ರಾಹ್ಯ, ಅದು ಮೂಲಕ್ಕೆ ಸದೃಶವಾಗಿರಬೇಕು, ದೇವತೆ, ಅಗ್ನಿ, ಮಂತ್ರ, ಕರ್ಮ ಇವುಗಳಿಗೆ ಪ್ರತಿನಿಧಿಯೇ ಇಲ್ಲ. ಸೋಮವು ಕೈಯಲ್ಲಿರುವಾಗ ಅದನ್ನು ಚೆಲ್ಲಿ ಪೂತೀಕವನ್ನು ಹಿಂಡುವೆನೆಂಬವನಿಗೆ ಯಾಗಫಲವುಂಟೇ? ಇರುವ ಕಾನನ್ನು ಕಡಿದು ಇಲ್ಲದ ಕಡೆ ಸಸಿಯನ್ನು ನೆಡುವೆನೆಂಬ ಮಾತೂ ಹಾಗೆಯೇ. ಸಾಲುಸಸಿಯು ಕಾನಿಗೆ ಸದೃಶವೂ ಅಲ್ಲ.

ಬನವಾಸಿಯಿರುವ ಶಿರಸಿ ತಾಲ್ಲೂಕಿನಲ್ಲಿಯೇ, ಸಾಲ್ಕಣಿಯ ಜನರು ೧೯೮೩ನೆಯ ಸೆಪ್ಟೆಂಬರಿನಲ್ಲಿ ಕಾಡಿಗೆ ನಡೆದುಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಸಹಜವಾದ ಕಾಡು ಹೋಗಿ ತೇಗಿನ ನೆಡುತೋಪು ಬರುವುದನ್ನು ಅವರು ಒಪ್ಪಲಿಲ್ಲ. ಈ 'ಅಪ್ಪಿಕೊ' ಚಳವಳಿಯು ಹತ್ತು ವರ್ಷಗಳ ಹಿಂದೆ ಹಿಮಾಲಯದಲ್ಲಿ ನಡೆದ ಚಿಪ್ಕೊ ಚಳವಳಿಯನ್ನು ಅನುಸರಿಸಿದುದು. ಪಂಪನು ನಂದನವನ್ನು ಹಾಡಿದ ನಾಡಿನ ಒಕ್ಕಲಿಗರು ಅರಣ್ಯವನ್ನು ಅಪ್ಪಿದರು. ಬೆಂಕಿಯನ್ನು ಏಳು ಸಲ ಆರಿಸಿದ ಖಾಂಡವದ ಆನೆಗಳೂ ನಾಗಗಳೂ ಇವರಿಗೆ ಪೂರ್ವಿಕರೆಂದು ಹೇಳಿದರೆ ತಪ್ಪಾಗದು.

೭

ಇಲ್ಲಿ ಒಂದು ಆಕ್ಷೇಪವು ಏಳಬಹುದು. ವ್ಯಾಸರ ಕಾಲದಲ್ಲಿ ಕಾಡು ಅಪಾರ, ಜನರು ವಿರಳ. ಭೂಮಿಯು ಕಾಯುತ್ತಿದೆಯೆಂಬ ಮಾತು ಆಗ ಇರಲಿಲ್ಲ. ಈಗಿನ ಚಿಂತೆಯನ್ನು ಆಗಿನ ಕಾವ್ಯದಲ್ಲಿ ಹುಡುಕುವುದು ಕಾಲವ್ಯತ್ಯಯವಲ್ಲವೇ ಎಂದು. ಆಕ್ಷೇಪವು ಯುಕ್ತವೇ. ಹವೆಯ ವ್ಯತ್ಯಾಸವನ್ನು ಮಹಾಭಾರತವು ಮುಂದಾಗಿ ಹೇಳಿದೆಯೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರ ಗುಂಪಿಗೆ ಸೇರಲು ನಮಗೆ ಇಷ್ಟವೂ ಇಲ್ಲ. ಮನುಷ್ಯನ ಕಾರ್ಯದಿಂದಲೇ ಭೂಮಿಯು ಕಾಯುತ್ತಿದೆಯೆಂಬುದು ನಿಸ್ಸಂದಿಗ್ಧವೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ಮಂಡಲಿಯು ೨೦೨೧ರ ವರದಿಯಲ್ಲಿ ಹೇಳಿತು. ೨೦೨೪ನೆಯ ವರ್ಷದ ಉಷ್ಣತೆಯು ೧೮೫೦–೧೯೦೦ರ ಸರಾಸರಿಗಿಂತ ಸುಮಾರು ೧.೫೫ ಡಿಗ್ರಿ ಹೆಚ್ಚಾಗಿತ್ತೆಂದು ವಿಶ್ವ ಹವಾಮಾನ ಸಂಸ್ಥೆಯು ತಿಳಿಸಿತು. ಮರವು ಗಾಳಿಯಿಂದ ಹೀರಿ ಮೈಯಲ್ಲಿ ಕಟ್ಟಿಟ್ಟುಕೊಂಡ ಇಂಗಾಲವು ಕಾಡು ಸುಟ್ಟಾಗ ತಿರುಗಿ ಗಾಳಿಗೇ ಸೇರುತ್ತದೆ. ನೆಲವು ಒಣಗಿದಷ್ಟೂ ಮುಂದಿನ ಬೆಂಕಿಗೆ ದಾರಿ ಸುಲಭವಾಗುತ್ತದೆ. ಇವು ವಿಜ್ಞಾನದಿಂದ ತಿಳಿಯತಕ್ಕವು, ಕಾವ್ಯದಿಂದಲ್ಲ.

ಕಾವ್ಯದಿಂದ ತಿಳಿಯತಕ್ಕದ್ದು ಬೇರೆ. ಹನ್ನೆರಡು ವರ್ಷ ಅತಿಯಾಗಿ ಉಂಡ ರೋಗಕ್ಕೆ ಇನ್ನಷ್ಟು ಉಣ್ಣುವುದೇ ಮದ್ದೆಂದು ಹೇಳುವ ವಿಪರೀತ, ಆ ಊಟಕ್ಕೆ ಶೂರರ ಸಹಾಯ, ಸಹಾಯಕ್ಕೆ ದೊರೆತ ಆಯುಧದ ಮೋಹ, ಆ ಮೋಹದಲ್ಲಿ ಕೇಳಿಸದೆಹೋದ ಗೂಡಿನ ಮಾತು, ತಲೆಮಾರುಗಳ ಮೇಲೆ ಬಂದ ಫಲ: ಇವುಗಳ ಸಂಬಂಧವನ್ನು ಮನಸ್ಸಿಗೆ ಹತ್ತುವಂತೆ ತೋರಿಸುವುದು ಕವಿಯ ಕೆಲಸ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉಂಡು ತಣಿಯದ ನಮ್ಮ ಕಾಲದವರಿಗೆ ಆ ಅಜೀರ್ಣದ ಕಥೆಯು ಅರ್ಥವಾಗುವಷ್ಟು ಹಿಂದಿನವರಿಗೆ ಆಗಿರಲಾರದು. ಕಾವ್ಯದ ಅರ್ಥವು ಸಹೃದಯನ ಅನುಭವದೊಡನೆ ಬೆಳೆಯುವುದೇ ಹೊರತು ಅದರಿಂದ ಕೆಡುವುದಿಲ್ಲ. ಗ್ರಂಥವು ಇಂಬುಕೊಟ್ಟಷ್ಟು ಮಾತ್ರ ಬೆಳೆಯಬೇಕು ಎಂಬುದೇ ನಿಯಮ.

೮

ಇದರಿಂದ ಬೋಧಕರಿಗೆ ಒದಗುವ ಕರ್ತವ್ಯಗಳನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇವೆ. ಖಾಂಡವದಹನವನ್ನು ಪಾಠಕ್ಕೆ ಇಡುವವರು ಶಾರ್ಙ್ಗಕೋಪಾಖ್ಯಾನವನ್ನು ಬಿಡಬಾರದು. ಅದರೊಡನೆ ವನಪರ್ವದ ಮೃಗಸ್ವಪ್ನವನ್ನೂ ಆಶ್ರಮವಾಸಿಕದ ಕಾಡುಗಿಚ್ಚನ್ನೂ ಆಸ್ತೀಕನ ಯಾಚನೆಯನ್ನೂ ಸೇರಿಸಿ ಓದಿಸಬೇಕು. ವನವರ್ಣನೆಯ ಪದ್ಯವನ್ನು ವಿವರಿ​ಸುವಾಗ ಅದು ಉದ್ಯಾನವೋ ಅರಣ್ಯವೋ ಎಂದು ಮೊದಲು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಮೂಡಿಸಬೇಕು. ಕಾನು, ಸೊಪ್ಪಿನ ಬೆಟ್ಟ, ದೇವರಕಾಡು, ನಾಗಬನ ಮೊದಲಾದ ನಮ್ಮ ನಾಡಿನ ಶಬ್ದಗಳಲ್ಲಿ ಒಂದೊಂದು ಬಗೆಯ ಕಾಡಿನ ಜ್ಞಾನವೇ ಅಡಗಿದೆ. ಆ ಶಬ್ದಗಳ ಅರ್ಥವನ್ನು ಊರೂರ ಹಿರಿಯರಿಂದ ಕೇಳಿ ಬರೆದಿಡುವುದು ನಿಘಂಟುಕಾರರ ಕೆಲಸ. ವಸ್ತುವು ಹೋದ ಮೇಲೆ ಉಳಿದ ಶಬ್ದವು ಬರಿಯ ಧ್ವನಿಯಾಗುತ್ತದೆ. ಶಬ್ದವು ಹೋದರೆ ವಸ್ತುವು ಹೋದುದೂ ತಿಳಿಯದು.

ಆ ದಿನ ಪ್ರಶ್ನೆ ಮಾಡಿದ ವಿದ್ಯಾರ್ಥಿಗೆ ಉತ್ತರವನ್ನು ಕೊಡುವುದು ಉಳಿದಿದೆ. ಅದು ವೀರವಲ್ಲ. ಅದನ್ನು ವೀರವೆಂದು ವ್ಯಾಸರೂ ಹೇಳಲಿಲ್ಲ, ಹೇಳಿದವರು ನಾವು. ನಮ್ಮ ಈ ಪೂರ್ವದ ವ್ಯಾಖ್ಯಾನವನ್ನು ಇಲ್ಲಿ ಹಿಂದೆಗೆದುಕೊಂಡಿದ್ದೇವೆ. ಇದರಲ್ಲಿ ಯುಕ್ತವಾದುದನ್ನು ಗ್ರಹಿಸಿ, ಅಯುಕ್ತವಾದುದನ್ನು ತಿದ್ದಿ, ವಿದ್ವಾಂಸರು ವಿಚಾರವನ್ನು ಮುಂದುವರಿಸಬೇಕೆಂದು ಪ್ರಾರ್ಥಿಸುತ್ತೇವೆ.